ಮಿಶ್ರ ತಳಿಯ ನಾಯಿಗೆ ಕಾನೂನಿನಲ್ಲಿ ಹೆಸರಿಲ್ಲ

2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯು ಎಲ್ಲ ರಾಜ್ಯಗಳಿಗೆ ಒಂದು ಸುತ್ತೋಲೆ ಕಳುಹಿಸಿತು. ಮನುಷ್ಯರ ಪ್ರಾಣಕ್ಕೆ ಅಪಾಯಕಾರಿ ಎಂದು ಗುರುತಿಸಲಾದ 23 ತಳಿಗಳ ನಾಯಿಗಳ ಆಮದು, ಸಂತಾನಾಭಿವೃದ್ಧಿ ಹಾಗೂ ಮಾರಾಟಕ್ಕೆ ಪರವಾನಗಿ ನೀಡಕೂಡದು; ಈಗಾಗಲೇ ಮನೆಗಳಲ್ಲಿರುವ ಅಂಥ ನಾಯಿಗಳಿಗೆ ಸಂತಾನಶಕ್ತಿ ಹರಣ ಚಿಕಿತ್ಸೆ ಮಾಡಿಸಬೇಕು ಎಂಬುದು ಅದರ ಸಾರ. ಅದೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ಇದಕ್ಕೆ ರಾಜ್ಯದ ಮಟ್ಟಿಗೆ ತಡೆ ನೀಡಿತು. ಏಪ್ರಿಲ್ 10ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರಿದ್ದ ಏಕಸದಸ್ಯ ಪೀಠವು ಸುತ್ತೋಲೆಯನ್ನೇ ರದ್ದುಪಡಿಸಿತು. ಸಂಬಂಧಪಟ್ಟವರ ಅಹವಾಲು ಕೇಳಿಲ್ಲ, ಸಮಿತಿಯ ರಚನೆ ನಿಯಮಕ್ಕೆ ಅನುಗುಣವಾಗಿಲ್ಲ ಎಂಬುದು ಅದಕ್ಕೆ ನೀಡಿದ ಕಾರಣಗಳಲ್ಲಿ ಮುಖ್ಯವಾದವು. ವಿಧಿವತ್ತಾಗಿ ಎಲ್ಲರ ಮಾತು ಕೇಳಿ ಹೊಸದಾಗಿ ಕ್ರಮ ಕೈಗೊಳ್ಳಲು ಸರಕಾರಕ್ಕೆ ಅಡ್ಡಿಯಿಲ್ಲವೆಂದೂ, ಸಾಕುವವರು ತಮ್ಮ ಹೊಣೆ ಅರಿತಿರಬೇಕೆಂದೂ ಪೀಠ ಹೇಳಿತು.

ಆಗ ನಡೆದ ಚರ್ಚೆಯಲ್ಲಿ ಪಿಟ್‌ಬುಲ್, ರಾಟ್‌ವೀಲರ್ ಎಂಬ ಹೆಸರುಗಳೇ ಹೆಚ್ಚು ಕೇಳಿಬಂದವು. ಆದರೆ ಸುತ್ತೋಲೆಯಲ್ಲಿ ಇನ್ನೊಂದು ಸಣ್ಣ ಮಾತಿತ್ತು. ನಿಷೇಧವು ಈ ತಳಿಗಳ 'ಮಿಶ್ರ ಹಾಗೂ ಅಡ್ಡತಳಿ'ಗಳಿಗೂ ಅನ್ವಯ ಎಂಬುದೇ ಆ ಮಾತು. ಬೆಂಗಳೂರಿನ ಬಡಾವಣೆಗಳಲ್ಲಿ ವಂಶಾವಳಿ ಪತ್ರದೊಡನೆ ನಾಯಿ ಕೊಳ್ಳುವವರಿಗೆ ಇದು ದೊಡ್ಡ ವಿಷಯವಾಗಿ ಕಾಣಲಿಲ್ಲ. ಬೆಳಗಾವಿ ಜಿಲ್ಲೆಯ ಯರಗಟ್ಟಿಯಂಥ ಊರಿನ ಮಟ್ಟಿಗೆ ಇಡೀ ಸುತ್ತೋಲೆಯಲ್ಲಿ ನಿಜವಾಗಿ ತಾಗುವ ಮಾತು ಅದೊಂದೇ ಆಗಿತ್ತು.

ಯರಗಟ್ಟಿ ಬೆಳಗಾವಿ-ಬಾಗಲಕೋಟೆ ಹೆದ್ದಾರಿಯ ಮೇಲಿರುವ ಊರು. ಸವದತ್ತಿಯಿಂದ ಬೇರ್ಪಟ್ಟು ಹೊಸ ತಾಲೂಕು ಎನಿಸಿಕೊಂಡಿದೆ. ಸುತ್ತ ಕಬ್ಬು, ಗೋವಿನಜೋಳ, ಹತ್ತಿಯ ಹೊಲಗಳು. ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡವರು ಹಲವರು. ಪಂಪ್‌ಸೆಟ್ಟಿನ ಕೇಬಲ್ಲು, ಆಡು-ಕುರಿ, ಹಿತ್ತಲಿನ ಕೋಳಿ, ಇವನ್ನೆಲ್ಲ ರಾತ್ರಿ ಕಾಯುವುದಕ್ಕೆ ಒಂದು ನಾಯಿ ಬೇಕು. ಅದೂ ದೊಡ್ಡದಾಗಿದ್ದರೆ ಮೇಲು ಎಂಬುದು ಇಲ್ಲಿಯ ಸಹಜ ಲೆಕ್ಕಾಚಾರ. ಹಿಂದೆ ಜವಾರಿ ನಾಯಿಯೇ ಈ ಕೆಲಸ ಮಾಡುತ್ತಿತ್ತು. ಈಗ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಡಾಬರ್‌ಮನ್, ಗ್ರೇಟ್ ಡೇನ್, ರಾಟ್‌ವೀಲರ್ ಇವುಗಳ ರಕ್ತ ಜವಾರಿ ನಾಯಿಗಳೊಡನೆ ಬೆರೆತಿದೆ. ಆ ಮರಿಗೆ ಊರಲ್ಲಿ ಇರುವ ಹೆಸರು 'ಕ್ರಾಸ್'. ಯಾವುದರ ಕ್ರಾಸ್ ಎಂದು ಕೇಳಿದರೆ ಕೊಟ್ಟವರಿಗೂ ಗೊತ್ತಿರುವುದಿಲ್ಲ, ಕೊಂಡವರಿಗೂ ಗೊತ್ತಿರುವುದಿಲ್ಲ.

ಇಲ್ಲೊಂದು ವಿಪರ್ಯಾಸವಿದೆ. ಅದೇ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋಗಿ ಲೋಕಾಪುರದಲ್ಲಿ ಉತ್ತರಕ್ಕೆ ತಿರುಗಿದರೆ ಮುಧೋಳ. ದೇಶದಲ್ಲಿ ಅತ್ಯಂತ ಹೆಚ್ಚು ದಾಖಲೆಗಳುಳ್ಳ ನಾಯಿಯ ತವರು ಅದು. ಘೋರ್ಪಡೆ ಅರಸರ ಕಾಲದಿಂದ ಹೆಸರಾದ ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಹೊರಬಂತು. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಇಲ್ಲಿಯ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದವು. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ದೇಶೀ ನಾಯಿ ತಳಿಗಳನ್ನು ಮೊದಲ ಬಾರಿಗೆ ನೋಂದಾಯಿಸಿದಾಗ ರಾಜಪಾಳಯಂ, ಚಿಪ್ಪಿಪಾರೈಗಳೊಡನೆ ಮುಧೋಳಕ್ಕೂ ಸ್ಥಾನ ಸಿಕ್ಕಿತು. ಒಂದೇ ಹೆದ್ದಾರಿಯ ಒಂದು ಕಡೆ ಹೆಸರು, ದಾಖಲೆ, ಸಂಶೋಧನಾ ಕೇಂದ್ರವುಳ್ಳ ನಾಯಿ. ಇನ್ನೊಂದು ಕಡೆ ಅದಕ್ಕಿಂತ ಹತ್ತು ಹದಿನೈದು ಕಿಲೊ ಹೆಚ್ಚು ತೂಗುವ, ಯಾವ ಪುಸ್ತಕದಲ್ಲೂ ನಮೂದಾಗದ ನಾಯಿ. ಮೈಲಾರಲಿಂಗನ ಪರಿವಾರದಲ್ಲಿ ನಾಯಿಗೆ ಸ್ಥಾನವಿಟ್ಟು, ಗೊರವರು ನಾಯಿಯಂತೆ ಬೊಗಳಿ ಸೇವೆ ಸಲ್ಲಿಸುವ ಸೀಮೆಯಲ್ಲಿ ನಾಯಿಯ ಮೇಲೆ ಪ್ರೀತಿಗೇನೂ ಬರವಿಲ್ಲ. ಲೆಕ್ಕವಿಡುವ ರೂಢಿ ಮಾತ್ರ ಇಲ್ಲ.

ಹೆಸರು ಹಿಡಿದು ಹುಡುಕಾಟ

ತಳಿಯ ಹೆಸರಿನ ಮೇಲೆ ಕಾನೂನು ಮಾಡುವುದು ಮೇಲ್ನೋಟಕ್ಕೆ ಸುಲಭ. ಪಟ್ಟಿ ಬರೆದರೆ ಮುಗಿಯಿತು. ಆದರೆ ಪಟ್ಟಿಯನ್ನು ಓದಿದವರಿಗೆ ಅದರ ಕಷ್ಟ ಕೂಡಲೇ ತಿಳಿಯುತ್ತದೆ. ಕೇಂದ್ರದ ಸುತ್ತೋಲೆಯಲ್ಲಿ 'ಟೋಸಾ ಇನು' ಎಂದು ಒಮ್ಮೆ, 'ಜಪಾನೀಸ್ ಟೋಸಾ' ಎಂದು ಮತ್ತೊಮ್ಮೆ ಒಂದೇ ನಾಯಿ ಎರಡು ಬಾರಿ ಬಂದಿತ್ತು. 'ಟೆರಿಯರ್' ಎಂಬ ಒಂದೇ ಶಬ್ದದಡಿ ಮಡಿಲಲ್ಲಿ ಕೂರುವ ಪುಟ್ಟ ನಾಯಿಗಳೂ ಸೇರುವಂತಿತ್ತು. ಪಟ್ಟಿಯ ಕೊನೆಯಲ್ಲಿದ್ದ 'ಬ್ಯಾನ್‌ಡಾಗ್' ಎಂಬುದಂತೂ ತಳಿಯೇ ಅಲ್ಲ. ಕಾವಲಿಗೆಂದು ಕಟ್ಟಿಹಾಕಿದ ದೊಡ್ಡ ನಾಯಿ ಎಂದಷ್ಟೇ ಆ ಇಂಗ್ಲಿಷ್ ಪದದ ಮೂಲಾರ್ಥ. ಆ ಅರ್ಥದಲ್ಲಿ ಸವದತ್ತಿ, ರಾಮದುರ್ಗ, ಬೈಲಹೊಂಗಲ ಕಡೆಯ ಹೊಲಮನೆಗಳ ಮುಂದೆ ಕಟ್ಟಿರುವ ದೊಡ್ಡ ನಾಯಿಗಳೆಲ್ಲವೂ ಬ್ಯಾನ್‌ಡಾಗ್‌ಗಳೇ!

ಮಿಶ್ರ ತಳಿಯ ವಿಷಯಕ್ಕೆ ಬಂದರೆ ಕಷ್ಟ ಇಮ್ಮಡಿಯಾಗುತ್ತದೆ. ಅಗಲ ತಲೆ, ದಪ್ಪ ಕುತ್ತಿಗೆ, ಗಿಡ್ಡ ಕೂದಲಿನ ಒಂದು ನಾಯಿಯನ್ನು ನೋಡಿ ಇದರಲ್ಲಿ ಪಿಟ್‌ಬುಲ್ ರಕ್ತ ಇದೆಯೋ ಇಲ್ಲವೋ ಎಂದು ಹೇಳಬೇಕಾದವರು ಯಾರು? ಪಂಚಾಯಿತಿಯ ಸಿಬ್ಬಂದಿಯೇ? ಠಾಣೆಯ ಪೇದೆಯೇ? ಅಮೆರಿಕದ ಫ್ಲಾರಿಡಾದಲ್ಲಿ ನಾಲ್ಕು ಪ್ರಾಣಿ ಆಶ್ರಯತಾಣಗಳ ಅನುಭವಿ ಸಿಬ್ಬಂದಿಗೆ 120 ನಾಯಿಗಳನ್ನು ತೋರಿಸಿ ತಳಿ ಹೇಳುವಂತೆ ಕೇಳಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. 62 ನಾಯಿಗಳನ್ನು ಒಬ್ಬರಲ್ಲ ಒಬ್ಬರು ಪಿಟ್‌ಬುಲ್ ಜಾತಿಯವು ಎಂದು ಕರೆದಿದ್ದರು. ಡಿಎನ್‌ಎ ಪರೀಕ್ಷೆಯಲ್ಲಿ ಆ ರಕ್ತ ಸಿಕ್ಕಿದ್ದು 25ರಲ್ಲಿ. ದಿನವೂ ನಾಯಿಗಳ ನಡುವೆಯೇ ಕೆಲಸ ಮಾಡುವವರ ಕಣ್ಣೇ ಇಷ್ಟು ತಪ್ಪಿದರೆ, ತಾಲೂಕು ಮಟ್ಟದಲ್ಲಿ ನಡೆಯುವ ಗುರುತಿಸುವಿಕೆ ಹೇಗಿದ್ದೀತು ಎಂಬುದನ್ನು ಊಹಿಸಬಹುದು. ಅದು ಬಹುಪಾಲು ಹಳೆಯ ದ್ವೇಷ ತೀರಿಸಿಕೊಳ್ಳುವ ಅರ್ಜಿಗಳಾಗಿಯೇ ಮುಗಿದೀತು.

ಇನ್ನು ತಳಿಗೂ ಸ್ವಭಾವಕ್ಕೂ ಇರುವ ನಂಟು. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಸಂಶೋಧನೆಯು 18,000ಕ್ಕೂ ಮಿಕ್ಕಿದ ನಾಯಿಗಳ ಬಗ್ಗೆ ಒಡೆಯರು ನೀಡಿದ ಉತ್ತರಗಳನ್ನೂ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿಗಳನ್ನೂ ಪರಿಶೀಲಿಸಿತ್ತು. ಒಂದು ನಾಯಿಯ ನಡವಳಿಕೆ ಇನ್ನೊಂದಕ್ಕಿಂತ ಬೇರೆಯಾಗುವುದರಲ್ಲಿ ತಳಿಯ ಪಾಲು ಶೇ 9ರಷ್ಟು ಮಾತ್ರ ಎಂಬ ನಿಲುವಿಗೆ ಅದು ಬಂತು. ಇದರ ಅರ್ಥ ತಳಿ ಏನೂ ಅಲ್ಲ ಎಂದಲ್ಲ. ಓಡಿಸಿ ಹಿಡಿಯುವ, ಕುರಿಮಂದೆ ತಿರುಗಿಸುವ, ಹಿಡಿದದ್ದನ್ನು ಬಿಡದ ಗುಣಗಳನ್ನು ಮನುಷ್ಯರು ತಲೆಮಾರುಗಳ ಕಾಲ ಆಯ್ದು ಬೆಳೆಸಿದ್ದಾರೆ. ಆದರೆ ಎರಡು ಮೂರು ತಳಿಗಳು ಕೂಡಿದ ನಾಯಿಯಲ್ಲಿ ಯಾವ ಗುಣ ಮೇಲೆ ಬರುತ್ತದೆ ಎಂಬುದನ್ನು ಹೆಸರಿನಿಂದ ಹೇಳಲಾಗದು. ಒಂದೇ ಹೊಟ್ಟೆಯ ಮರಿಗಳಲ್ಲಿ ಒಂದು ಮೆತ್ತಗಿನದಾಗಿ, ಮತ್ತೊಂದು ಹಟಮಾರಿಯಾಗಿ ಬೆಳೆಯುವುದನ್ನು ಸಾಕಿದವರೆಲ್ಲ ಕಂಡಿದ್ದಾರೆ.

ಬ್ರಿಟನ್ನಿನ ಅನುಭವವನ್ನು ಇಲ್ಲಿ ನೆನೆಯಬಹುದು. ಅಲ್ಲಿ 1991ರ ಅಪಾಯಕಾರಿ ನಾಯಿಗಳ ಕಾಯಿದೆಯಡಿ ಪಿಟ್‌ಬುಲ್ ಸೇರಿ ನಾಲ್ಕು ಬಗೆಯ ನಾಯಿಗಳಿಗೆ ನಿಷೇಧವಿದೆ. ಆದರೂ ಕಡಿತದ ಸಾವುಗಳು ನಿಲ್ಲಲಿಲ್ಲ. ಪಟ್ಟಿಯ ಆಚೆ 'ಎಕ್ಸ್‌ಎಲ್ ಬುಲ್ಲಿ' ಎಂಬ ಹೊಸ ದೈತ್ಯ ಮಿಶ್ರ ಬಗೆ ಹುಟ್ಟಿಕೊಂಡಿತು. ಅದನ್ನೂ ಪಟ್ಟಿಗೆ ಸೇರಿಸಲು ಹೊರಟಾಗ, ಮಾನ್ಯತೆ ಪಡೆದ ತಳಿಯೇ ಅಲ್ಲದ ನಾಯಿಯನ್ನು ಹೇಗೆ ಗುರುತಿಸುವುದು ಎಂಬ ಪ್ರಶ್ನೆ ಎದ್ದಿತು. ಕೊನೆಗೆ ಸರಕಾರ ಅಳತೆಪಟ್ಟಿಯ ಮೊರೆಹೋಯಿತು. ಗಂಡಾದರೆ ಭುಜದ ಬಳಿ 51 ಸೆಂಟಿಮೀಟರ್, ಹೆಣ್ಣಾದರೆ 48 ಸೆಂಟಿಮೀಟರ್ ಅಥವಾ ಅದಕ್ಕೂ ಹೆಚ್ಚು ಎತ್ತರವಿದ್ದು, ಇತರ ಲಕ್ಷಣಗಳು ಕೂಡಿದರೆ ಅದು ನಿಷೇಧಿತ. 2024ರ ಫೆಬ್ರುವರಿ 1ರಿಂದ ವಿನಾಯಿತಿ ಪತ್ರವಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಪರಾಧ. ಇಟಲಿ ಮಾತ್ರ ಬೇರೆ ದಾರಿ ಹಿಡಿಯಿತು. 2003ರಲ್ಲಿ ತಂದ ಉದ್ದನೆಯ ತಳಿಪಟ್ಟಿಯನ್ನು 2009ರಲ್ಲಿ ಕೈಬಿಟ್ಟು, ತಳಿ ಯಾವುದೇ ಇರಲಿ ಒಡೆಯನೇ ಹೊಣೆ ಎಂಬ ಕ್ರಮಕ್ಕೆ ಬಂತು.

ಭಾರತದಲ್ಲಿ ಹೊಸ ಒಲವು ಮತ್ತೆ ಪಟ್ಟಿಯ ಕಡೆಗೇ ಇದೆ. ಪಕ್ಕದ ಗೋವಾದ ವಿಧಾನಸಭೆ 2025ರಲ್ಲಿ ಉಗ್ರ ತಳಿಗಳ ನಿಯಂತ್ರಣಕ್ಕೆ ಮಸೂದೆ ಅಂಗೀಕರಿಸಿತು. ಅದರಲ್ಲಿ ಒಡೆಯನಿಂದ ಪರಿಹಾರ ಕೊಡಿಸುವ ಅಂಶವೂ ಇದೆ ಎಂಬುದು ಮೆಚ್ಚತಕ್ಕದ್ದು. ಬೆಂಗಳೂರು ಮಹಾನಗರ ಪಾಲಿಕೆ 2018ರಲ್ಲಿ ಫ್ಲಾಟಿಗೆ ಒಂದೇ ನಾಯಿ, ಅದೂ ತಾನು ಹೇಳಿದ ತಳಿಗಳಲ್ಲೇ ಒಂದು ಎಂಬ ಉಪವಿಧಿ ತರಲು ಹೋಗಿ, ನಾಯಿಪ್ರಿಯರ ಪ್ರತಿಭಟನೆಗೆ ಬೆದರಿ ಹಿಂದೆ ಸರಿದದ್ದು ಹಲವರಿಗೆ ನೆನಪಿರಬಹುದು.

ಸರಪಳಿಯ ಲೆಕ್ಕ

ದೊಡ್ಡ ಮಿಶ್ರ ತಳಿಯ ನಾಯಿ ಅಪಾಯಕಾರಿಯಾಗುವುದು ಹೇಗೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಅದರ ಮೊದಲ ಎರಡು ವರ್ಷಗಳಲ್ಲಿದೆ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡು-ಹದಿನಾಲ್ಕನೆಯ ವಾರದವರೆಗೆ ಮರಿ ಏನನ್ನು ಕಾಣುತ್ತದೆಯೋ ಅದು ಅದಕ್ಕೆ ಪರಿಚಿತ ಜಗತ್ತು. ಅಪರಿಚಿತರು, ಮಕ್ಕಳು, ಬೈಸಿಕಲ್ಲು, ಬೇರೆ ನಾಯಿ, ಪಟಾಕಿಯ ಸದ್ದು ಇವೆಲ್ಲ ಆ ಅವಧಿಯಲ್ಲಿ ಮಿತವಾಗಿ, ಹೆದರಿಕೆಯಿಲ್ಲದೆ ಪರಿಚಯವಾದರೆ ಮುಂದೆ ಅವುಗಳ ಭಯ ಕಡಿಮೆ. ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಇದನ್ನು 1965ರಷ್ಟು ಹಿಂದೆಯೇ ವಿವರವಾಗಿ ದಾಖಲಿಸಿದ್ದಾರೆ. ಭಯಕ್ಕೂ ಕಡಿತಕ್ಕೂ ಇರುವ ನಂಟನ್ನು ಬಿಡಿಸಿ ಹೇಳಬೇಕಿಲ್ಲ.

ಹೊಲಮನೆಯಲ್ಲಿ ಆಗುವುದು ಇದರ ತದ್ವಿರುದ್ಧ. ಕಾವಲು ನಾಯಿ ಕಂಡವರಿಗೆಲ್ಲ ಬಾಲ ಅಲ್ಲಾಡಿಸಬಾರದು ಎಂಬ ಎಣಿಕೆಯಿಂದ ಮರಿಯನ್ನು ಬೇಕೆಂದೇ ಜನರಿಂದ ದೂರ ಇಡುತ್ತಾರೆ. ಎರಡು ತಿಂಗಳು ತುಂಬುವ ಮೊದಲೇ ತಾಯಿಯಿಂದ ಬಿಡಿಸಿ ತಂದಿರುತ್ತಾರೆ. 2017ರ ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರಕ್ಕಿಂತ ಚಿಕ್ಕ ಮರಿಯನ್ನು ಮಾರುವಂತಿಲ್ಲ. ಆದರೆ ಕೈಯಿಂದ ಕೈಗೆ ಹೋಗುವ ಕ್ರಾಸ್ ಮರಿಗೆ ಮಾರಾಟದ ರಸೀತಿಯೂ ಇರುವುದಿಲ್ಲ, ನಿಯಮವೂ ತಾಗುವುದಿಲ್ಲ. ಆಮೇಲೆ ಹಗಲಿಡೀ ಸರಪಳಿ, ರಾತ್ರಿ ಮಾತ್ರ ಬಿಡುಗಡೆ. ಸಣ್ಣ ಹುಡುಗರು ಕಟ್ಟಿದ ನಾಯಿಗೆ ಕಲ್ಲೆಸೆದು ರೇಗಿಸುತ್ತಾರೆ. ಸರಪಳಿಯ ಉದ್ದವೇ ಅದರ ರಾಜ್ಯವಾದ್ದರಿಂದ ಅದರೊಳಗೆ ಕಾಲಿಟ್ಟವನು ಶತ್ರು. ಓಡಿಹೋಗಲು ದಾರಿಯಿಲ್ಲದ ಪ್ರಾಣಿಗೆ ಉಳಿಯುವುದು ಹಲ್ಲು ಮಾತ್ರ.

ಎಂಟು ತಿಂಗಳಿಂದ ಎರಡು ವರ್ಷದವರೆಗೆ ದೊಡ್ಡ ನಾಯಿಯ ಹರೆಯ. ಮರಿಯಾಗಿದ್ದಾಗ ಮೈಮೇಲೆ ಹಾರಿದರೆ ಮನೆಮಂದಿಗೆ ನಗು. ಒಂದು ವರ್ಷದ ನಂತರ ಅದೇ ನಾಯಿ 40 ಕಿಲೊ ತೂಗುತ್ತದೆ, ಹಾರಿದರೆ ಮುದುಕರು ನೆಲಕ್ಕುರುಳುತ್ತಾರೆ. ಊಟದ ತಟ್ಟೆಯ ಬಳಿ ಬಂದವರಿಗೆ ಗುರ್ರೆನ್ನುವುದು, ಹಗ್ಗ ಹಿಡಿದವರನ್ನೇ ಎಳೆದುಕೊಂಡು ಹೋಗುವುದು, ಕರೆದರೆ ಒಮ್ಮೆ ನೋಡಿ ಮುಖ ತಿರುಗಿಸುವುದು, ಇವೆಲ್ಲ ಆಗ ಶುರುವಾಗುತ್ತವೆ. ಹೊಡೆದು ಬಗ್ಗಿಸುವ ಹಳೆಯ ವಿದ್ಯೆ ಈ ಗಾತ್ರದ, ಈ ಹಟದ ನಾಯಿಯ ಮುಂದೆ ನಡೆಯುವುದಿಲ್ಲ. ಹೊಡೆತಕ್ಕೆ ಬಗ್ಗಿದಂತೆ ಕಂಡದ್ದು ಹೊಡೆಯಲಾರದ ಮನೆಯ ಹೆಂಗಸರ, ಮಕ್ಕಳ ಮೇಲೆ ತಿರುಗುವ ಸಂಭವವೂ ಉಂಟು. ನಾಯಿ ತಿಳಿದವರು ಹೇಳುವುದು ಬೇರೆಯೇ: ಮನೆಯವರೆಲ್ಲರೂ ಒಂದೇ ಮಾತು, ಒಂದೇ ನಿಯಮ ಪಾಲಿಸಬೇಕು, ಹೇಳಿದ ಮಾತು ಕೇಳಿದಾಗ ಒಂದು ತುಣುಕು ತಿಂಡಿ ಸಿಗಬೇಕು, ದಿನಕ್ಕೆ ಎರಡು ಸಲ ಚೆನ್ನಾಗಿ ನಡೆಸಬೇಕು, ಆರು ತಿಂಗಳೊಳಗೆ ಬಾಯಿಕುಕ್ಕೆಯ ರೂಢಿ ಮಾಡಿಸಬೇಕು. ಎತ್ತಿನ ಬಾಯಿಗೆ ಕುಕ್ಕೆ ಕಟ್ಟುವುದು ಅವಮಾನವೆಂದು ಯಾವ ರೈತನೂ ತಿಳಿಯುವುದಿಲ್ಲ. ನಾಯಿಯ ವಿಷಯದಲ್ಲಿ ಮಾತ್ರ ಅದೇನೋ ಒಂದು ಸಂಕೋಚ.

ಇಲ್ಲಿ ಕಾನೂನು ಏನೂ ಹೇಳುವುದಿಲ್ಲವೆಂದೇನಿಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ 11ನೆಯ ಕಲಮು ವಿಪರೀತ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಅತಿ ಹೊತ್ತು ಕಟ್ಟಿಹಾಕುವುದನ್ನು ಅಪರಾಧವೆನ್ನುತ್ತದೆ. ಸದಾ ಕಟ್ಟಿಯೇ ಇಡುವ ನಾಯಿಗೆ ಓಡಾಟ ಕೊಡದ ಒಡೆಯನನ್ನೂ ಪ್ರತ್ಯೇಕವಾಗಿ ಹೆಸರಿಸುತ್ತದೆ. ಅರವತ್ತು ವರ್ಷಗಳ ಹಿಂದೆಯೇ ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಕಾಯಿದೆಗೆ ಮೊದಲ ಅಪರಾಧಕ್ಕೆ ಇರುವ ದಂಡ 10ರಿಂದ 50 ರೂಪಾಯಿ. ದಂಡ ಹೆಚ್ಚಿಸುವ ತಿದ್ದುಪಡಿಯ ಕರಡನ್ನು ಕೇಂದ್ರ 2022ರಲ್ಲಿ ಪ್ರಕಟಿಸಿತ್ತು. ಕಟ್ಟಿದ ನಾಯಿಯ ಮೇಲಿನ ಕ್ರೌರ್ಯ ನಾಳೆ ದಾರಿಹೋಕನ ಮೇಲಿನ ಕಡಿತವಾಗುತ್ತದೆ ಎಂಬ ಸಂಬಂಧವನ್ನು ಗಮನಿಸಿದರೆ ಇದು ಕೇವಲ ಪ್ರಾಣಿದಯೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಕಚ್ಚಿದ ಮೇಲೆ

2022ರ ಜುಲೈಯಲ್ಲಿ ಲಖನೌದಲ್ಲಿ 82 ವರ್ಷದ ವೃದ್ಧೆಯೊಬ್ಬರು ತಮ್ಮ ಮನೆಯ ಪಿಟ್‌ಬುಲ್ ಕಡಿತಕ್ಕೇ ಬಲಿಯಾದರು. 2024ರ ಮೇ ತಿಂಗಳಲ್ಲಿ ಚೆನ್ನೈನ ಪಾರ್ಕೊಂದರಲ್ಲಿ ಐದು ವರ್ಷದ ಬಾಲಕಿಯನ್ನು ಎರಡು ರಾಟ್‌ವೀಲರ್‌ಗಳು ತೀವ್ರವಾಗಿ ಗಾಯಗೊಳಿಸಿದವು; ಅಲ್ಲಿಯ ಪಾಲಿಕೆ ಆಮೇಲೆ ನಾಯಿ ಪರವಾನಗಿಯ ವಿಷಯದಲ್ಲಿ ಎಚ್ಚೆತ್ತಿತು. ಈ ಎರಡರಲ್ಲೂ ತಳಿಯ ಹೆಸರು ಗೊತ್ತಿತ್ತು, ಆದ್ದರಿಂದ ಸುದ್ದಿಯಾಯಿತು. ಹೆಸರಿಲ್ಲದ ಕ್ರಾಸ್ ನಾಯಿ ಹೊಲದ ಆಳಿನ ತೊಡೆಯನ್ನು ಹರಿದರೆ ಅದು ಊರಲ್ಲೇ 'ಮಾತುಕತೆ'ಯಲ್ಲಿ ಮುಗಿಯುತ್ತದೆ. ಸೂಜಿಮದ್ದಿನ ಖರ್ಚು ಕೊಟ್ಟರೆ ಒಡೆಯನ ಹೊಣೆ ತೀರಿತು ಎಂದಾಗುತ್ತದೆ. ಹದಿನೈದು ದಿನ ಕಳೆದುಕೊಂಡ ಕೂಲಿಯನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ.

ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಇಂಥ ಸಂದರ್ಭಕ್ಕೆಂದೇ ಇದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗದಂತೆ ಅಥವಾ ತೀವ್ರ ಗಾಯವಾಗದಂತೆ ಎಚ್ಚರ ವಹಿಸದಿದ್ದರೆ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ದಂಡ ಸಂಹಿತೆಯ 289ನೆಯ ಕಲಮಿನಲ್ಲಿ ದಂಡ 1,000 ರೂಪಾಯಿ ಇತ್ತು; 2024ರ ಜುಲೈ 1ರಿಂದ ಐದು ಪಟ್ಟಾಯಿತು. ಗಮನಿಸಬೇಕಾದ ಅಂಶವೆಂದರೆ ಈ ಕಲಮಿಗೆ ತಳಿ ಯಾವುದೆಂಬುದು ಬೇಕಿಲ್ಲ. ಪ್ರಾಣಿ ಯಾರ ವಶದಲ್ಲಿತ್ತು, ಅವನು ಎಚ್ಚರ ವಹಿಸಿದನೇ ಎಂಬ ಎರಡೇ ಪ್ರಶ್ನೆಗಳು. ಹಳ್ಳಿಯ ನ್ಯಾಯವೂ ಇದೇ. ಹಾಯುವ ಎತ್ತನ್ನು ಸಂತೆಗೆ ತಂದವನನ್ನು ಜನ ತರಾಟೆಗೆ ತೆಗೆದುಕೊಳ್ಳುವಾಗ ಅದು ಖಿಲಾರಿಯೋ ಅಮೃತಮಹಲೋ ಎಂದು ಯಾರೂ ಕೇಳುವುದಿಲ್ಲ. 'ಹಾಯುತ್ತದೆಂದು ಗೊತ್ತಿದ್ದೂ ಯಾಕೆ ಬಿಟ್ಟೆ?' ಎಂದು ಕೇಳುತ್ತಾರೆ.

ಆದರೆ ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ ನಾಯಿ ಯಾರದೆಂಬುದಕ್ಕೆ ದಾಖಲೆ ಬೇಕು. ಕಚ್ಚಿದ ಮರುದಿನವೇ 'ಅದು ನಮ್ಮ ನಾಯಿಯಲ್ಲ, ಅನ್ನ ಹಾಕುತ್ತಿದ್ದೆವು ಅಷ್ಟೆ' ಎಂಬ ಮಾತು ಬರುವುದು ಹೊಸದಲ್ಲ. ಬೀದಿನಾಯಿ ಎಂದಾದರೆ ಹೊಣೆ ಸರಕಾರದ್ದು. 2025ರ ನವೆಂಬರಿನಲ್ಲಿ ರಾಜ್ಯ ಸರಕಾರ ಬೀದಿನಾಯಿ ಕಡಿತದಿಂದ ಸಾವಾದರೆ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಸಾಕಿದ ನಾಯಿಯನ್ನು ಬೀದಿನಾಯಿ ಎಂದು ತೋರಿಸುವುದರಲ್ಲಿ ಕಚ್ಚಿಸಿಕೊಂಡವನಿಗೂ ಕಚ್ಚಿದ ನಾಯಿಯ ಒಡೆಯನಿಗೂ ಲಾಭ ಎಂಬ ವಿಚಿತ್ರ ಸ್ಥಿತಿ ಇದರಿಂದ ಹುಟ್ಟಬಹುದು. ದಾಖಲೆಯಿಲ್ಲದ ಕ್ರಾಸ್ ನಾಯಿಗಳೇ ತುಂಬಿರುವ ತಾಲೂಕುಗಳಲ್ಲಿ ಇದನ್ನು ಮೊದಲೇ ಯೋಚಿಸಬೇಕು.

ರೇಬಿಸ್‌ನ ಮಾತು ಬೇರೆ. ಮನುಷ್ಯರಲ್ಲಿ ರೇಬಿಸ್ ಕಂಡರೆ ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ 2022ರಲ್ಲಿ ಆದೇಶಿಸಿತು. ಮನೆಯ ನಾಯಿಯೇ ಕಚ್ಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಆಳವಾದ ಗಾಯಕ್ಕೆ ಲಸಿಕೆಯ ಜತೆಗೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಬೇಕು. ನಾಯಿಯನ್ನು 10 ದಿನ ಕಣ್ಣಳತೆಯಲ್ಲಿ ಇಡಬೇಕು. ಸಿಟ್ಟಿನ ಭರದಲ್ಲಿ ಕೊಂದರೆ ರೋಗವಿತ್ತೇ ಇಲ್ಲವೇ ಎಂದು ತಿಳಿಯುವ ಸುಲಭ ದಾರಿಯೂ ಮುಚ್ಚಿತು. ಗಾಯಕ್ಕೆ ಸುಣ್ಣ, ಖಾರದಪುಡಿ ಮೆತ್ತುವ ಪದ್ಧತಿ ಇನ್ನೂ ಇದೆ ಎಂಬುದು ದುಃಖದ ಸಂಗತಿ.

ಬೇಡವಾದ ನಾಯಿ ಎಲ್ಲಿಗೆ ಹೋಗಬೇಕು?

ಇದು ಯಾರೂ ಕೇಳದ ಪ್ರಶ್ನೆ. ಒಂದೂವರೆ ವರ್ಷದ, 40 ಕಿಲೊ ತೂಕದ, ಒಮ್ಮೆ ಯಾರನ್ನೋ ಕಚ್ಚಿದ ನಾಯಿಯನ್ನು ಸಾಕಲಾಗದು ಎಂದು ಒಂದು ಕುಟುಂಬ ತೀರ್ಮಾನಿಸಿತು ಎಂದುಕೊಳ್ಳೋಣ. ಮಗ ಬೆಂಗಳೂರಿಗೆ ಕೆಲಸಕ್ಕೆ ಹೋದ, ಮನೆಯಲ್ಲಿ ವಯಸ್ಸಾದವರಷ್ಟೇ ಉಳಿದರು. ಅಥವಾ ಸೊಸೆ ಬಾಣಂತಿಯಾಗಿ ಕೂಸಿನೊಡನೆ ಮನೆಗೆ ಬರುವವಳಿದ್ದಾಳೆ. ಕಾರಣ ನ್ಯಾಯವಾದುದೇ. ಆದರೆ ಆ ನಾಯಿಯನ್ನು ಒಪ್ಪಿಸಲು ತಾಲೂಕು ಕೇಂದ್ರದಲ್ಲಿ ಜಾಗವಿಲ್ಲ. ಸರಕಾರಿ ಪಶು ಆಸ್ಪತ್ರೆಗಳು ಎಮ್ಮೆ, ಆಕಳು, ಕುರಿಗಳನ್ನು ಮನಸ್ಸಿನಲ್ಲಿಟ್ಟು ಕಟ್ಟಿದಂಥವು. ಬೆಳಗಾವಿ, ಹುಬ್ಬಳ್ಳಿಯಲ್ಲೂ ದೊಡ್ಡ, ಕಡಿಯುವ ಸ್ವಭಾವದ ನಾಯಿಯನ್ನು ಒಳಗೆ ಬಿಟ್ಟುಕೊಳ್ಳುವವರು ವಿರಳ. ಚಿಕ್ಕ ಲ್ಯಾಬ್ರಡಾರನ್ನು ದತ್ತು ಪಡೆಯುವವರು ಸಿಕ್ಕಾರು. ಹೆಸರಿಲ್ಲದ ದೈತ್ಯನನ್ನು ಯಾರು ಪಡೆಯುತ್ತಾರೆ?

ಆಗ ಉಳಿಯುವ ದಾರಿಗಳು ಮೂರು. ಸಾಯುವವರೆಗೆ ಸರಪಳಿಯಲ್ಲಿ ಇಡುವುದು, ವಿಷ ಹಾಕುವುದು, ರಾತ್ರಿ ವಾಹನದಲ್ಲಿ ಒಯ್ದು ಇಪ್ಪತ್ತು ಮೂವತ್ತು ಕಿಲೊಮೀಟರ್ ಆಚೆ ಯಾವುದೋ ಗುಡ್ಡದ ಬುಡದಲ್ಲಿ ಬಿಟ್ಟುಬರುವುದು. ಮೂರೂ 1960ರ ಕಾಯಿದೆಯಡಿ ಅಪರಾಧಗಳೇ. ಮೂರನೆಯದು ಎಲ್ಲಕ್ಕಿಂತ ಅಪಾಯಕರ. ಅನ್ನಕ್ಕಾಗಿ ಮನುಷ್ಯನನ್ನೇ ನೆಚ್ಚಿದ, ಆದರೆ ಅಪರಿಚಿತರನ್ನು ನಂಬದ ದೊಡ್ಡ ನಾಯಿ ಬೀದಿಯ ಹಿಂಡಿಗೆ ಸೇರುತ್ತದೆ, ಇಲ್ಲವೇ ಕುರಿಹಟ್ಟಿಯ ಸುತ್ತ ಸುಳಿಯುತ್ತದೆ. ಸಂತಾನಶಕ್ತಿ ಹರಣ ಆಗಿರದಿದ್ದರೆ ಅದರ ರಕ್ತ ಮುಂದಿನ ವರ್ಷದ ಬೀದಿಮರಿಗಳಲ್ಲಿ ಹರಿಯುತ್ತದೆ. ಸಾಕುನಾಯಿಯ ಲಸಿಕೆ, ಸಂತಾನ ನಿಯಂತ್ರಣ ಎರಡೂ ಒಡೆಯನ ಹೊಣೆ ಎಂದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುತ್ತವೆ. ಹೇಳಿದ್ದನ್ನು ನೋಡಿಕೊಳ್ಳುವವರು ಯಾರು ಎಂಬುದು ಮಾತ್ರ ತಾಲೂಕು ಮಟ್ಟಕ್ಕೆ ಇಳಿದಿಲ್ಲ.

ಹೈಕೋರ್ಟ್ ತೆರೆದಿಟ್ಟ ಬಾಗಿಲಿನ ಮೂಲಕ ಹೊಸ ನಿಯಮ ಬರುವುದಾದರೆ ಅದು 23 ಹೆಸರುಗಳ ಪಟ್ಟಿಯನ್ನು ತಿದ್ದಿ ತೀಡಿದ ಪ್ರತಿಯಾಗದಿರಲಿ. ತಳಿಯ ಬದಲು ತೂಕವನ್ನು ಗುರುತಾಗಿ ಹಿಡಿಯಬಹುದು. 25 ಕಿಲೊ ಮೀರಿದ ಯಾವುದೇ ನಾಯಿಗೆ, ಅದು ಮುಧೋಳವಾಗಲಿ, ಜರ್ಮನ್ ಶೆಫರ್ಡ್ ಆಗಲಿ, ಕಂತ್ರಿಯಾಗಲಿ, ಸ್ಥಳೀಯ ಸಂಸ್ಥೆಯಲ್ಲಿ ನೋಂದಣಿ, ಚರ್ಮದಡಿ ಮೈಕ್ರೊಚಿಪ್, ವರ್ಷಕ್ಕೊಮ್ಮೆ ರೇಬಿಸ್ ಲಸಿಕೆಯ ಚೀಟಿ, ಮೂರನೆಯವರಿಗಾಗುವ ಹಾನಿಗೆ ವಿಮೆ ಕಡ್ಡಾಯವಾಗಬಹುದು. ತಕ್ಕಡಿ ಸುಳ್ಳು ಹೇಳುವುದಿಲ್ಲ; ಪಂಚಾಯಿತಿ ಸಿಬ್ಬಂದಿಗೆ ತಳಿಶಾಸ್ತ್ರ ಕಲಿಸಬೇಕಾಗಿಯೂ ಇಲ್ಲ. ಒಮ್ಮೆ ಕಚ್ಚಿದ ದಾಖಲೆಯಿರುವ ನಾಯಿಗೆ ಹೊರಗೆ ಬಾಯಿಕುಕ್ಕೆ ಹಾಗೂ ಬೇಲಿಯ ಎತ್ತರದ ಷರತ್ತು ವಿಧಿಸಬಹುದು. ಇದಕ್ಕೆ ಆಕ್ಷೇಪಗಳೂ ಇವೆ. ನೋಂದಣಿ ಎಂದರೆ ಶುಲ್ಕ, ಶುಲ್ಕ ಎಂದರೆ ಬಡ ಕುರಿಗಾರನ ಮೇಲೆ ಹೊರೆ. ತೋಳದಿಂದ ಮಂದೆ ಕಾಯುವ ಕುರುಬರ ನಾಯಿಗಳು ವರ್ಷದ ಬಹುಪಾಲು ತಾಲೂಕಿನಿಂದ ತಾಲೂಕಿಗೆ ಮಂದೆಯೊಡನೆ ಅಲೆಯುತ್ತವೆ; ಅವನ್ನು ಯಾವ ಊರಿನ ಪುಸ್ತಕದಲ್ಲಿ ಬರೆಯುವುದು? ಕುರಿಗಳಿಗೆ ಲಸಿಕೆ ಹಾಕುವ ಸಮಯದಲ್ಲೇ ಮಂದೆಯ ನಾಯಿಗಳಿಗೂ ಉಚಿತವಾಗಿ ಲಸಿಕೆ, ಚೀಟಿ ಕೊಡುವುದು ಇದಕ್ಕೊಂದು ದಾರಿ. ಪಶುಸಂಗೋಪನಾ ಇಲಾಖೆ ಹೇಗೂ ಆ ಹಟ್ಟಿಗಳಿಗೆ ಹೋಗುತ್ತದೆ.

ಒಪ್ಪಿಸುವ ಜಾಗವಿಲ್ಲದೆ ಇದ್ಯಾವುದೂ ನಡೆಯದು. ನೋಂದಣಿ ಕಡ್ಡಾಯವಾದ ದಿನದಿಂದ ಬೇಡವಾದ ನಾಯಿಗಳನ್ನು ಕದ್ದು ಬಿಡುವವರು ಹೆಚ್ಚಿದರೆ, ನಿಯಮ ಮಾಡಿದವರಿಗೆ ಅಂಕಿಸಂಖ್ಯೆ ಸಿಗುತ್ತದೆ, ಊರಿಗೆ ಹೊಸ ಬೀದಿನಾಯಿಗಳು ಸಿಗುತ್ತವೆ. ಬೆಳಗಾವಿಯಂಥ ವಿಸ್ತಾರ ಜಿಲ್ಲೆಗೆ ಕನಿಷ್ಠ ಎರಡು ಕಡೆ, ಒಂದು ಬೆಳಗಾವಿಯ ಹತ್ತಿರ ಇನ್ನೊಂದು ಸವದತ್ತಿ-ಯರಗಟ್ಟಿ-ರಾಮದುರ್ಗದ ಮಗ್ಗುಲಿಗೆ, ದೊಡ್ಡ ನಾಯಿಗಳನ್ನು ಪ್ರಶ್ನೆ ಕೇಳದೆ ಪಡೆದುಕೊಂಡು, ಪಶುವೈದ್ಯರಿಂದ ಸ್ವಭಾವ ಪರೀಕ್ಷಿಸಿ, ಸಾಧ್ಯವಾದರೆ ಬೇರೆಡೆ ಕೊಡುವ ವ್ಯವಸ್ಥೆ ಬೇಕು. ತಿಮ್ಮಾಪುರದ ಕೇಂದ್ರದಲ್ಲಿ ನಾಯಿಗಳನ್ನು ಬಲ್ಲವರಿದ್ದಾರೆ, ವಿಶ್ವವಿದ್ಯಾಲಯವಿದೆ, ದೂರವೂ ಹೆಚ್ಚಿಲ್ಲ. ಮುಧೋಳ ನಾಯಿಯ ವಂಶ ಕಾಪಾಡಲು ಹುಟ್ಟಿದ ಸಂಸ್ಥೆಗೆ ವಂಶವೇ ಇಲ್ಲದ ನಾಯಿಗಳ ಕೆಲಸವನ್ನೂ ವಹಿಸಲು ಬೇಕಾಗುವುದು ಒಂದು ಆದೇಶ, ಒಂದಿಷ್ಟು ಅನುದಾನ ಮತ್ತು ನಾಯಿಮನೆ ಕಟ್ಟುವಷ್ಟು ಜಾಗ.